ಒಂದು ಕ್ರಿಯಾಪದದ ಬೆನ್ನು ಹತ್ತಿ

ಅಕ್ಕನ ಮಗಳು ಕಣ್ಣಾಸ್ಪತ್ರೆಯಿಂದ ತಂದಿದ್ದ ಹಾಳೆಯಲ್ಲಿ ಒಂದು ವಾಕ್ಯದ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದಳು: ‘ಲೇಸಿಕ್ ಜೊತೆಯಲ್ಲೇ ಮಾಡುವ ಈ ಕ್ರಾಸ್‌ಲಿಂಕಿಂಗ್ ಕಾರ್ನಿಯಾವನ್ನು ನಾಲ್ಕು ಪಟ್ಟಿಗೂ ಹೆಚ್ಚು ಬಲಪಡಿಸಿ, ಮುಂದೆ ಅದು ಉಬ್ಬದಂತೆ ತಡೆಯುತ್ತದೆ.’ ಅವಳಿಗೆ 24 ವರ್ಷ. ಎರಡೂ ಕಣ್ಣಿಗೆ ಮೈನಸ್ 6. ಐದನೇ ಕ್ಲಾಸಿನಿಂದ ಕನ್ನಡಕ. ಅದನ್ನು ಬಿಡಿಸುವ ಆಪರೇಷನ್ ಮಾಡಿಸಿಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವೂ ಆಗಿತ್ತು. ಕಾರ್ನಿಯಾ ಸ್ವಲ್ಪ ತೆಳು ಇದೆ, ಆದ್ದರಿಂದ ಬಲ ಕೊಡುವ ಈ ಚಿಕಿತ್ಸೆಯನ್ನೂ ಸೇರಿಸಿಕೊಂಡರೆ ಒಳ್ಳೆಯದು ಎಂದಿದ್ದರಂತೆ. ಹಾಳೆಯನ್ನು ನನ್ನ ಮುಂದಿಟ್ಟು ಅವಳು ಕೇಳಿದ್ದು ಒಂದೇ ಮಾತು: ‘ಮಾಮ, ಇದನ್ನ ಯಾರು ನೋಡಿ ಹೇಳಿದ್ದು?’

ನಿಜವೋ ಸುಳ್ಳೋ ಎಂದು ಕೇಳಿದ್ದರೆ ನಾನು ಯಾರಾದರೂ ಪರಿಚಯದ ವೈದ್ಯರಿಗೆ ಫೋನ್ ಮಾಡಿ ಮುಗಿಸುತ್ತಿದ್ದೆನೇನೋ. ಯಾರು ನೋಡಿದ್ದು ಎಂದು ಕೇಳಿದ್ದರಿಂದ ಹುಡುಕಲೇಬೇಕಾಯಿತು. ಆ ವಾಕ್ಯದೊಳಗೆ ಎರಡು ಬೇರೆ ಬೇರೆ ಹೇಳಿಕೆಗಳಿವೆ. ಒಂದು ಅಂಕಿ: ನಾಲ್ಕು ಪಟ್ಟು. ಇನ್ನೊಂದು ಕ್ರಿಯಾಪದ: ತಡೆಯುತ್ತದೆ. ಅಂಕಿ ಇದ್ದರೆ ಎಲ್ಲೋ ಯಾರೋ ಅಳೆದಿರಬೇಕು. ತಡೆಯುತ್ತದೆ ಎಂದರೆ ತಡೆಯದೆ ಬಿಟ್ಟ ಕಣ್ಣುಗಳು ಏನಾದವು ಎಂಬುದನ್ನೂ ಯಾರೋ ವರ್ಷಗಟ್ಟಲೆ ನೋಡಿರಬೇಕು. ವೈದ್ಯಕೀಯ ಪತ್ರಿಕೆಗಳ ಪ್ರಬಂಧಗಳನ್ನು ಒಂದೊಂದಾಗಿ ಅಚ್ಚು ತೆಗೆದು ರಟ್ಟಿನ ಫೈಲಿಗೆ ಸೇರಿಸುತ್ತ, ಹಿಂದಿನ ಕಾಲಕ್ಕೆ ನಡೆದೆ.

ಹಿಂದೆ ಹೋದಂತೆಲ್ಲ ಎಲ್ಲ ಉಲ್ಲೇಖಗಳೂ 1998ಕ್ಕೆ ಬಂದು ನಿಲ್ಲುತ್ತಿದ್ದವು. ಆ ವರ್ಷದ ಎರಡು ಪ್ರಬಂಧಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಮೊದಲ ಸಲ ಮೈ ಜುಮ್ಮೆಂದಿತು. ಒಂದರ ವಿಷಯ, ಲೇಸಿಕ್ ಆದ ಮೇಲೆ ಕೆಲವರ ಕಾರ್ನಿಯಾ ಮುಂದಕ್ಕೆ ಉಬ್ಬುತ್ತ ಹೋದದ್ದು. ಎಕ್ಟೇಸಿಯಾ ಎನ್ನುವ ಈ ತೊಂದರೆಯ ಮೊದಮೊದಲ ವರದಿಗಳಲ್ಲಿ ಅದೂ ಒಂದು. ಇನ್ನೊಂದರ ವಿಷಯ, ಹಂದಿಯ ಕಾರ್ನಿಯಾವನ್ನು ಬೇರೆ ಬೇರೆ ವಿಧಾನಗಳಿಂದ ಗಟ್ಟಿ ಮಾಡಬಹುದೇ ಎಂಬ ಪ್ರಯೋಗ. ಎರಡರಲ್ಲೂ ಇದ್ದ ಒಂದು ಹೆಸರು ಜರ್ಮನಿಯ ನೇತ್ರತಜ್ಞ ಥಿಯೋ ಸೈಲರ್. ಗಾಯವನ್ನು ಗುರುತಿಸಿದವರೂ ಮದ್ದು ಹುಡುಕುತ್ತಿದ್ದವರೂ ಒಬ್ಬರೇ, ಅದೂ ಒಂದೇ ವರ್ಷ. ಹಾಗಾದರೆ ಈ ಮದ್ದು ಹುಟ್ಟಿದ್ದೇ ಆ ಗಾಯಕ್ಕಾಗಿ, ಹಾಳೆಯ ವಾಕ್ಯದ ಬೇರು ಸಿಕ್ಕೇಬಿಟ್ಟಿತು ಎಂದುಕೊಂಡೆ. ಅದು ನನ್ನ ಮೊದಲ ತಪ್ಪು ದಾರಿ.

ಯಾಕೆಂದು ಹೇಳುವ ಮೊದಲು ಕಾರ್ನಿಯಾದ ಲೆಕ್ಕ ತಿಳಿದಿರಬೇಕು. ಕಣ್ಣಿನ ಮುಂಭಾಗದ ಈ ಪಾರದರ್ಶಕ ಪದರ ನಡುವಿನಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದಪ್ಪ, ಸುಮಾರು 540 ಮೈಕ್ರಾನ್. ಒಳಗಿನ ದ್ರವದ ಒತ್ತಡ ಅದನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ; ಕೊಲಾಜೆನ್ ಎಳೆಗಳ ಹೆಣಿಗೆ ಅದನ್ನು ಆಕಾರದಲ್ಲಿ ಹಿಡಿದಿಡುತ್ತದೆ. ಲೇಸಿಕ್‌ನಲ್ಲಿ ಸುಮಾರು 110 ಮೈಕ್ರಾನ್ ದಪ್ಪದ ಒಂದು ಹಾಳೆಯನ್ನು ಕತ್ತರಿಸಿ ಮಗುಚಿ, ಕೆಳಗಿನ ಭಾಗವನ್ನು ಲೇಸರಿನಿಂದ ಸವೆಸಿ, ಹಾಳೆಯನ್ನು ಮತ್ತೆ ಮುಚ್ಚುತ್ತಾರೆ. 6 ಮಿಲಿಮೀಟರ್ ಅಗಲದ ವೃತ್ತದಲ್ಲಿ ಒಂದು ಡಯಾಪ್ಟರ್, ಅಂದರೆ ಕನ್ನಡಕದ ಒಂದು ನಂಬರ್, ತೆಗೆಯಲು ಸುಮಾರು 12 ಮೈಕ್ರಾನ್ ಸವೆಯಬೇಕು. ಮೈನಸ್ 6ಕ್ಕೆ 72. ಹುಡುಗಿಯ ಕಾರ್ನಿಯಾ 498 ಮೈಕ್ರಾನ್. ಆಸ್ಪತ್ರೆಯ ಹಾಳೆಯ ಅಂಚಿನಲ್ಲೇ ಕಳೆದೆ: 498ರಲ್ಲಿ 110, 72 ಹೋದರೆ ಉಳಿದದ್ದು 316. ಬಹುಕಾಲ ವೈದ್ಯರು ಕಾಯ್ದುಕೊಂಡು ಬಂದ ಕನಿಷ್ಠ ಗಡಿ 250. ಗಡಿಯೊಳಗೇ ಇದ್ದಾಳೆ. ಆದರೆ ಮುಚ್ಚಿದ ಹಾಳೆ ಹಿಂದಿನಂತೆ ಬೆಸೆದುಕೊಳ್ಳುವುದಿಲ್ಲ. ಲೇಸಿಕ್ ಆಗಿದ್ದ ದಾನಿಗಳ ಕಣ್ಣುಗಳನ್ನು 2005ರಲ್ಲಿ ಎಳೆದು ಅಳೆದಾಗ, ನಡುಭಾಗದಲ್ಲಿ ಆ ಬೆಸುಗೆಯ ಬಲ ಸಹಜ ಕಾರ್ನಿಯಾದ 2.4 ಪ್ರತಿಶತ ಮಾತ್ರ ಇತ್ತು. ಹಾಳೆಯ 110 ಮೈಕ್ರಾನ್ ದಪ್ಪಕ್ಕೆ ಲೆಕ್ಕವಾಗುತ್ತದೆ, ಬಲಕ್ಕೆ ಹೆಚ್ಚೇನೂ ಆಗದು. ಆದ್ದರಿಂದಲೇ ಬಲವನ್ನು ಬೇರೆ ಕಡೆಯಿಂದ ತುಂಬಿಕೊಡುವ ಆಸೆ ಹುಟ್ಟಿದ್ದು. ಆಸೆಯಲ್ಲಿ ತಪ್ಪೇನೂ ಕಾಣಲಿಲ್ಲ.

ಈಗ ಅಂಕಿಯ ಹುಟ್ಟೂರು. ಡ್ರೆಸ್ಡೆನ್ ನಗರದಲ್ಲಿ ವೋಲೆನ್‌ಸಾಕ್, ಸ್ಪೋರ್ಲ್ ಮತ್ತು ಸೈಲರ್ 2003ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಅದು ಸಿಕ್ಕಿತು. ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ನಿನ ಹಳದಿ ದ್ರವವನ್ನು ಕಾರ್ನಿಯಾಕ್ಕೆ ಹೀರಿಸಿ, ಅತಿನೇರಳೆ ಬೆಳಕು ಬಿಟ್ಟು, ಅದರ ಪಟ್ಟಿಗಳನ್ನು ಯಂತ್ರಕ್ಕೆ ಸಿಕ್ಕಿಸಿ ಎಳೆದಿದ್ದರು. ಶೇಕಡಾ 6ರಷ್ಟು ಹಿಗ್ಗಿಸಲು ಬೇಕಾದ ಒತ್ತಡ ಮನುಷ್ಯರ ಕಾರ್ನಿಯಾದಲ್ಲಿ 328.9 ಪ್ರತಿಶತ ಏರಿತ್ತು. ಬಿಗುವಿನ ಇನ್ನೊಂದು ಅಳತೆಯಲ್ಲಿ ನಾಲ್ಕೂವರೆ ಪಟ್ಟು. ಹಾಳೆಯ ‘ನಾಲ್ಕು ಪಟ್ಟಿಗೂ ಹೆಚ್ಚು’ ಇದೇ. ಸಂತೋಷವಾಯಿತು, ಅಂಕಿ ಕಟ್ಟಿದ್ದಲ್ಲ, ಅಳೆದದ್ದು. ಆಮೇಲೆ ವಿಧಾನದ ಭಾಗ ಓದಿದೆ. ಎಳೆದದ್ದು ಮೃತರ ಕಣ್ಣುಗಳನ್ನು. ಮನುಷ್ಯರ ಕಣ್ಣು ಐದು, ಹಂದಿಯವು ಇಪ್ಪತ್ತು. ಹಂದಿಯ ಕಾರ್ನಿಯಾದಲ್ಲಿ ಏರಿಕೆ 71.9 ಪ್ರತಿಶತ ಮಾತ್ರ. ಒಂದೇ ಬೆಳಕು, ಒಂದೇ ಮದ್ದು, ಫಲದಲ್ಲಿ ಇಷ್ಟು ಅಂತರ ಯಾಕೆ? ಬೆಳಕು ಗಟ್ಟಿಮಾಡುವುದು ಮುಂಭಾಗವನ್ನು ಮಾತ್ರ; ಹಂದಿಯ ಕಾರ್ನಿಯಾ ದಪ್ಪ, ಗಟ್ಟಿಯಾದ ಪಾಲು ಅದರಲ್ಲಿ ಕಡಿಮೆ. ಮುಂದೆ 2006ರಲ್ಲಿ ಕಾರ್ನಿಯಾವನ್ನು ಪದರ ಪದರವಾಗಿ ಸೀಳಿ ಅಳೆದಾಗ ಇದು ಖಾತ್ರಿಯಾಯಿತು: ಬಲ ಕೂಡಿದ್ದು ಮುಂದಿನ 200 ಮೈಕ್ರಾನಿನಲ್ಲಿ.

ಮೊದಲ ತಪ್ಪು ದಾರಿ ಅಲ್ಲೇ ಬಯಲಾಯಿತು. ಅದೇ ತಂಡ ಅದೇ 2003ರಲ್ಲಿ ರೋಗಿಗಳ ಮೇಲಿನ ಫಲಿತಾಂಶವನ್ನೂ ಪ್ರಕಟಿಸಿತ್ತು. 22 ರೋಗಿಗಳು, 23 ಕಣ್ಣು. ಅವರೆಲ್ಲ ಕೆರಟೋಕೋನಸ್ ಇದ್ದವರು, ಅಂದರೆ ಕಾರ್ನಿಯಾ ತಾನಾಗಿಯೇ ತೆಳುವಾಗಿ ಶಂಕುವಿನಂತೆ ಮುಂದೆ ಬರುವ ಕಾಯಿಲೆಯವರು. ಲೇಸಿಕ್ ಮಾಡಿಸಿಕೊಳ್ಳಲು ಬಂದ ಆರೋಗ್ಯವಂತರ ಸುದ್ದಿಯೇ ಅಲ್ಲಿಲ್ಲ. ಈ ಚಿಕಿತ್ಸೆ ತನ್ನ ಬಲವನ್ನು ಸಾಬೀತುಪಡಿಸಿದ್ದು ಕಾಯಿಲೆಯ ಕಣ್ಣಿನಲ್ಲಿ. ಅಲ್ಲಿ ಸಾಕ್ಷ್ಯ ನಿಜಕ್ಕೂ ಗಟ್ಟಿಯಾಗಿದೆ. ಮೆಲ್ಬರ್ನ್‌ನಲ್ಲಿ ಕೆಲವು ಕಣ್ಣುಗಳಿಗೆ ಚಿಕಿತ್ಸೆ ಕೊಟ್ಟು, ಕೆಲವನ್ನು ಹಾಗೇ ಬಿಟ್ಟು, ಮೂರು ವರ್ಷ ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶ: ಹಾಗೇ ಬಿಟ್ಟ ಕಣ್ಣುಗಳ ಅತಿ ಕಡಿದಾದ ಬಾಗು ಸರಾಸರಿ 1.75 ಡಯಾಪ್ಟರ್ ಹೆಚ್ಚಿತು, ಚಿಕಿತ್ಸೆ ಪಡೆದವುಗಳಲ್ಲಿ 1.03 ಡಯಾಪ್ಟರ್ ಇಳಿಯಿತು. ‘ತಡೆಯುತ್ತದೆ’ ಎಂಬ ಪದಕ್ಕೆ ಹೀಗೆ ಎರಡು ಕಾಲು ಬೇಕು: ಮಾಡಿದ್ದರಿಂದ ಏನಾಯಿತು, ಮಾಡದಿದ್ದರೆ ಏನಾಗುತ್ತಿತ್ತು. ಕೆರಟೋಕೋನಸ್‌ನಲ್ಲಿ ಎರಡೂ ಇವೆ.

ಲೇಸರನ್ನೂ ಕ್ರಾಸ್‌ಲಿಂಕಿಂಗನ್ನೂ ಒಟ್ಟಿಗೆ ತಂದವರು ಯಾರು? ಇಲ್ಲಿ ಹಾದಿ ಗ್ರೀಸಿಗೆ ಹೋಯಿತು. ಅಥೆನ್ಸ್‌ನ ಜಾನ್ ಕನೆಲ್ಲೋಪೌಲೋಸ್ ಮತ್ತು ಪೆರಿ ಬೈಂಡರ್ 2007ರಲ್ಲಿ ಒಬ್ಬ ಕೆರಟೋಕೋನಸ್ ರೋಗಿಯ ವೃತ್ತಾಂತ ಬರೆದರು: ಮೊದಲು ಕಾರ್ನಿಯಾ ಗಟ್ಟಿ ಮಾಡಿ, ಒಂದು ವರ್ಷ ಬಿಟ್ಟು, ಉಬ್ಬುತಗ್ಗುಗಳ ನಕ್ಷೆ ನೋಡಿಕೊಂಡು ಲೇಸರಿನಿಂದ ಮೇಲ್ಮೈ ಸಮ ಮಾಡಿದ್ದು. ಮೊದಲು ಗೋಡೆ ಭದ್ರ ಮಾಡಿ ಆಮೇಲೆ ಗಾರೆ ಕೆಲಸ ಎಂಬ ಈ ಕ್ರಮ ನಮ್ಮ ಸಾಮಾನ್ಯ ಬುದ್ಧಿಗೆ ಸರಿ ಎನಿಸುತ್ತದೆ. 2009ರಲ್ಲಿ ಕನೆಲ್ಲೋಪೌಲೋಸ್ ಅದನ್ನು ತಿರುವಿಹಾಕಿದರು. 325 ಕಣ್ಣುಗಳಲ್ಲಿ 127ಕ್ಕೆ ಹಳೆಯ ಕ್ರಮ. 198ಕ್ಕೆ ಒಂದೇ ದಿನ ಮೊದಲು ಲೇಸರ್, ತಕ್ಷಣ ಕ್ರಾಸ್‌ಲಿಂಕಿಂಗ್. ಒಂದೇ ದಿನ ಮಾಡಿದ ಗುಂಪಿಗೇ ದೃಷ್ಟಿಯೂ ಉತ್ತಮ, ಕಾರ್ನಿಯಾದ ಮಸುಕೂ ಕಡಿಮೆ. ಪದರ ಸೀಳಿ ನೋಡಿದ 2006ರ ಪ್ರಯೋಗವನ್ನು ನೆನಪಿಟ್ಟುಕೊಂಡು ಓದಿದರೆ ಕಾರಣ ಹೊಳೆಯುತ್ತದೆ. ಗಟ್ಟಿಯಾಗುವುದು ಮುಂದಿನ ಪದರ. ಆಮೇಲೆ ಲೇಸರ್ ಕೆತ್ತುವುದೂ ಅದೇ ಪದರವನ್ನು. ಕಟ್ಟಿದ್ದನ್ನು ನಾವೇ ಕೆತ್ತಿ ತೆಗೆದಂತೆ. ಅಥೆನ್ಸ್ ಪ್ರೊಟೊಕಾಲ್ ಎಂದು ಹೆಸರಾದ ಈ ವಿಧಾನದಲ್ಲಿ ಲೇಸರ್ 50 ಮೈಕ್ರಾನ್ ದಾಟದಂತೆ ನೋಡಿಕೊಳ್ಳುತ್ತಾರೆ. ಉದ್ದೇಶ ಕನ್ನಡಕ ಬಿಡಿಸುವುದಲ್ಲ. ಕನ್ನಡಕ ಹಾಕಿದರೂ ಕಾಣದ ವಕ್ರ ಕಣ್ಣನ್ನು, ಕನ್ನಡಕ ಹಾಕಿದರೆ ಕಾಣುವಂತೆ ಮಾಡುವುದು.

ಇಷ್ಟರಲ್ಲಿ ಫೈಲು ದಪ್ಪವಾಗಿತ್ತು. ಕ್ರಿಯಾಪದ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಆರೋಗ್ಯವಂತ, ಆದರೆ ತೆಳು ಕಾರ್ನಿಯಾದವರಿಗೆ ಮುನ್ನೆಚ್ಚರಿಕೆಯಾಗಿ ಮಾಡಿದ ಪ್ರಬಂಧಗಳನ್ನು ಬೇರೆ ಮಾಡಿದೆ. ಅವುಗಳಲ್ಲೊಂದು ನಮ್ಮ ಬೆಂಗಳೂರಿನದೇ. ನೇತ್ರಧಾಮ ಆಸ್ಪತ್ರೆಯ ಶ್ರೀ ಗಣೇಶ್ ಮತ್ತು ಶೀತಲ್ ಬ್ರಾರ್ 2015ರಲ್ಲಿ ಪ್ರಕಟಿಸಿದ್ದು. ಹಾಳೆ ಮಗುಚುವ ಲೇಸಿಕ್ ಬದಲು, ಸಣ್ಣ ಸೀಳಿನಿಂದ ಒಳಗಿನ ಒಂದು ತೆಳು ಬಿಲ್ಲೆಯನ್ನು ಹೊರತೆಗೆಯುವ ಸ್ಮೈಲ್ ವಿಧಾನದ ಜೊತೆಗೆ ಅವರು ಕ್ರಾಸ್‌ಲಿಂಕಿಂಗ್ ಸೇರಿಸಿದ್ದರು. 20 ಮಂದಿ, 40 ಕಣ್ಣು, ಸರಾಸರಿ ಒಂದು ವರ್ಷದ ನಿಗಾ. ಯಾವ ಕಣ್ಣೂ ಉಬ್ಬಲಿಲ್ಲ. ಬಿಲ್ಲೆ ತೆಗೆದ ಜಾಗಕ್ಕೆ ರೈಬೋಫ್ಲೇವಿನ್ ತುಂಬಿ, 60 ಸೆಕೆಂಡ್ ಬಿಟ್ಟು, ಚದರ ಸೆಂಟಿಮೀಟರಿಗೆ 45 ಮಿಲಿವಾಟ್ ಬೆಳಕನ್ನು 75 ಸೆಕೆಂಡ್ ಹಾಯಿಸಿದ್ದರು.

ಅಂಚಿನಲ್ಲಿ ಗುಣಿಸಿದೆ. 45 ಇಂಟು 75, 3375. ಅಂದರೆ ಸುಮಾರು 3.4 ಜೂಲ್. ಫೈಲಿನ ತಳದಿಂದ ಡ್ರೆಸ್ಡೆನ್ ಪ್ರಬಂಧ ತೆಗೆದು ಅದರ ಅಂಚಿನಲ್ಲೂ ಗುಣಿಸಿದೆ. 3 ಮಿಲಿವಾಟ್, 30 ನಿಮಿಷ, ಅಂದರೆ 1800 ಸೆಕೆಂಡ್: 5400. ಅಂದರೆ 5.4 ಜೂಲ್. ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದೆ. ಹೆಸರು ಒಂದೇ, ಕ್ರಾಸ್‌ಲಿಂಕಿಂಗ್. ಒಂದರಲ್ಲಿ ಕಾರ್ನಿಯಾದ ಮೇಲ್ಪದರ ಕೆರೆದು, ಅರ್ಧ ಗಂಟೆ ಮಂದ ಬೆಳಕು. ಇನ್ನೊಂದರಲ್ಲಿ ಮೇಲ್ಪದರ ಹಾಗೇ ಇದ್ದು, ಒಂದೂಕಾಲು ನಿಮಿಷ ಹದಿನೈದು ಪಟ್ಟು ಪ್ರಖರ ಬೆಳಕು. ಒಟ್ಟು ಶಕ್ತಿಯೂ ಕಡಿಮೆ. ಲೇಸಿಕ್ ಜೊತೆ ಮಾಡುವಾಗಲೂ ಹೀಗೆಯೇ: ಬೇಗ, ಕಡಿಮೆ ಪ್ರಮಾಣದಲ್ಲಿ. ನಾಲ್ಕು ಪಟ್ಟು ಎಂಬ ಅಂಕಿ ಮೊದಲನೆಯದಕ್ಕೆ ಸೇರಿದ್ದು. ಹುಡುಗಿಯ ಹಾಳೆ ಅದನ್ನು ಎರಡನೆಯದಕ್ಕೆ ಅಂಟಿಸಿತ್ತು. ಹುಡುಕಾಟದ ಗಂಟು ಬಿಚ್ಚಿದ್ದು ಈ ಎರಡು ಗುಣಾಕಾರದಲ್ಲಿ.

ಆದರೆ ಇಷ್ಟಕ್ಕೇ ತೀರ್ಪು ಕೊಡುವುದು ನ್ಯಾಯವಲ್ಲ. ಬೇಗ ಮಾಡಿದ ಮಾತ್ರಕ್ಕೆ ಫಲ ಕಡಿಮೆ ಎಂದು ಹೇಗೆ ಹೇಳುವುದು? ಬೆಳಕಿನ ರಸಾಯನದಲ್ಲಿ ಬುನ್ಸೆನ್ ಮತ್ತು ರೋಸ್ಕೊ ಹೆಸರಿನ 19ನೇ ಶತಮಾನದ ನಿಯಮವೊಂದಿದೆ: ಪ್ರಖರತೆ ಮತ್ತು ಕಾಲದ ಗುಣಲಬ್ಧ ಒಂದೇ ಆಗಿದ್ದರೆ ಪರಿಣಾಮವೂ ಒಂದೇ. ಅದು ಕಾರ್ನಿಯಾಕ್ಕೂ ಸಲ್ಲುತ್ತದೆಯೇ? ಸ್ವಿಟ್ಜರ್ಲೆಂಡಿನ ಎರಡು ತಂಡಗಳ ಉತ್ತರ ಒಂದಕ್ಕೊಂದು ಹೊಂದುವುದಿಲ್ಲ. ವೆರ್ನ್ಲಿ ಮತ್ತು ಸಂಗಡಿಗರು 2013ರಲ್ಲಿ ಹಂದಿಯ ಕಾರ್ನಿಯಾದಲ್ಲಿ ಕಂಡದ್ದು: 45 ಮಿಲಿವಾಟ್‌ವರೆಗೆ ನಿಯಮ ಸಲ್ಲುತ್ತದೆ, 50ರಿಂದ ಮೇಲೆ ಫಲ ತಟ್ಟನೆ ಕುಸಿಯುತ್ತದೆ. ಹ್ಯಾಮರ್ ಮತ್ತು ಸಂಗಡಿಗರು 2014ರಲ್ಲಿ, ಅದೂ ಹಂದಿಯ ಕಾರ್ನಿಯಾದಲ್ಲೇ, ಕಂಡದ್ದು: ವೇಗ ಹೆಚ್ಚಿದಂತೆ ಫಲ ಇಳಿಯುತ್ತ ಹೋಗಿ, 18 ಮಿಲಿವಾಟ್ ಹೊತ್ತಿಗೇ ಚಿಕಿತ್ಸೆ ಇಲ್ಲದ ಕಾರ್ನಿಯಾಕ್ಕೂ ಅದಕ್ಕೂ ಗಣನೀಯ ವ್ಯತ್ಯಾಸ ಉಳಿಯುವುದಿಲ್ಲ. ಇಳಿಕೆಗೆ ಕಾರಣದ ಸುಳಿವು ರಿಶೋಜ್, ಹಫೇಜಿ ಮತ್ತಿತರರ 2013ರ ಪ್ರಯೋಗದಲ್ಲಿದೆ. ಆಮ್ಲಜನಕ ಇಲ್ಲದ ವಾತಾವರಣದಲ್ಲಿ ಇದೇ ಚಿಕಿತ್ಸೆ ಮಾಡಿದಾಗ ಕಾರ್ನಿಯಾ ಗಟ್ಟಿಯಾಗಲೇ ಇಲ್ಲ. ಬೆಳಕು ಪ್ರಖರವಾದಷ್ಟೂ ಆಮ್ಲಜನಕ ಬೇಗ ತೀರುತ್ತದೆ. ಹೊರಗಿನ ಗಾಳಿಯಿಂದ ಮತ್ತೆ ಒಳಗಿಳಿಯಲು ಅದಕ್ಕೆ ಸಮಯ ಬೇಕು.

ಯಾರನ್ನು ನಂಬುವುದು? ಹಂದಿಯ ಕಣ್ಣಿನ ಜಗಳವನ್ನು ಮನುಷ್ಯರ ಕಣ್ಣಿನ ಮುಂದಿಟ್ಟು ನೋಡಬೇಕು. ಅದಕ್ಕೂ ಬೆಂಗಳೂರೇ ಒದಗಿತು. ನಾರಾಯಣ ನೇತ್ರಾಲಯದ ರೋಹಿತ್ ಶೆಟ್ಟಿ ಮತ್ತು ಸಂಗಡಿಗರು 138 ಕೆರಟೋಕೋನಸ್ ಕಣ್ಣುಗಳನ್ನು ನಾಲ್ಕು ಗುಂಪು ಮಾಡಿ 3, 9, 18 ಮತ್ತು 30 ಮಿಲಿವಾಟ್ ಬೆಳಕನ್ನು, ಒಟ್ಟು ಶಕ್ತಿ ಅದೇ 5.4 ಜೂಲ್ ಬರುವಂತೆ ಕೊಟ್ಟರು. 2015ರ ಅವರ ವರದಿಯಂತೆ ವರ್ಷದ ಕೊನೆಗೆ ಮೊದಲ ಮೂರು ವೇಗಗಳ ಫಲ ಚೆನ್ನಾಗಿತ್ತು, 30ರದ್ದು ಹಿಂದೆ ಬಿತ್ತು. ಹ್ಯಾಮರ್ ಹೇಳಿದಷ್ಟು ಬೇಗ ಫಲ ಮುಗಿಯುವುದಿಲ್ಲ, ವೆರ್ನ್ಲಿ ಹೇಳಿದಷ್ಟು ದೂರವೂ ಅದು ಬಾಳುವುದಿಲ್ಲ. ಯಂತ್ರ ಅಳೆಯುವುದು ಪಟ್ಟಿಯ ಬಿಗುವನ್ನು, ವೈದ್ಯರು ಅಳೆಯುವುದು ಬದುಕಿರುವ ಕಣ್ಣಿನ ಬಾಗನ್ನು. ಎರಡೂ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ಮರೆಯಬಾರದು. ನಾನು ಧೈರ್ಯವಾಗಿ ಹೇಳಬಲ್ಲದ್ದು ಇಷ್ಟು: ವೇಗಕ್ಕೆ ಬೆಲೆ ತೆರಬೇಕಾಗುತ್ತದೆ, ಮತ್ತು ನಿಧಾನದ ಚಿಕಿತ್ಸೆಯ ಅಂಕಿಯನ್ನು ವೇಗದ ಚಿಕಿತ್ಸೆಗೆ ಸಾಲ ಕೊಡಲಾಗದು.

ಇನ್ನು ಉಳಿದದ್ದು ನೇತ್ರಧಾಮದ ಆ 40 ಕಣ್ಣುಗಳ ಸೊನ್ನೆ. ಒಂದೂ ಉಬ್ಬಲಿಲ್ಲ ಎಂದರೆ ತಡೆದಂತಾಯಿತಲ್ಲವೇ? ಇದೇ ಪ್ರಶ್ನೆಗೆ ಹ್ಯಾನ್ಲಿ ಮತ್ತು ಲಿಪ್‌ಮನ್ ಹ್ಯಾಂಡ್ 1983ರಲ್ಲೇ ಒಂದು ಸರಳ ಸೂತ್ರ ಕೊಟ್ಟಿದ್ದರು. ಎನ್ ಮಂದಿಯಲ್ಲಿ ಒಬ್ಬರಿಗೂ ತೊಂದರೆ ಆಗಲಿಲ್ಲ ಎಂದರೆ, ನಿಜವಾದ ಅಪಾಯ ಮೂರನ್ನು ಎನ್‌ನಿಂದ ಭಾಗಿಸಿದಷ್ಟರವರೆಗೂ ಇರಬಹುದು. ಮೂರು ಭಾಗಿಸು 40: ಶೇಕಡಾ 7.5. ಒಬ್ಬರ ಎರಡು ಕಣ್ಣು ಅವಳಿಜವಳಿಯಂತೆ ನಡೆದುಕೊಳ್ಳುವುದರಿಂದ ಕಣ್ಣಿನ ಬದಲು ಜನರನ್ನು ಎಣಿಸಿದರೆ ಮೂರು ಭಾಗಿಸು 20: ಶೇಕಡಾ 15. ಲೇಸಿಕ್ ಒಂದನ್ನೇ ಮಾಡಿಸಿದವರಲ್ಲಿ ಎಕ್ಟೇಸಿಯಾದ ಪ್ರಕಟಿತ ಅಂದಾಜುಗಳು ಶೇಕಡಾ ಒಂದಕ್ಕಿಂತ ಕೆಳಗಿವೆ. ಸಾವಿರಕ್ಕೆ ಎರಡು ಎಂದೇ ಇಟ್ಟುಕೊಂಡು ಲೆಕ್ಕ ಹಾಕಿದೆ. ಅದನ್ನು ಸಾವಿರಕ್ಕೆ ಒಂದಕ್ಕೆ ಇಳಿಸಿದೆವೆಂದು ತೋರಿಸಬೇಕಾದರೆ ಚಿಕಿತ್ಸೆ ಸೇರಿಸಿದ, ಸೇರಿಸದ ಎರಡೂ ಗುಂಪಿನಲ್ಲಿ ತಲಾ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬೇಕು, ಅವರನ್ನು ವರ್ಷಗಟ್ಟಲೆ ನೋಡಬೇಕು. ನೇತ್ರಧಾಮದ ಲೇಖಕರು ಇದನ್ನು ಬಲ್ಲವರು. ಸುರಕ್ಷಿತವಾಗಿರಬಹುದು, ಕಾರ್ಯಸಾಧ್ಯವಾಗಿರಬಹುದು ಎಂಬ ಎಚ್ಚರದಲ್ಲೇ ಅವರ ಪ್ರಬಂಧ ಮುಗಿಯುತ್ತದೆ. ಆ ‘ಬಹುದು’ ದಾರಿಯಲ್ಲೆಲ್ಲೋ ಉದುರಿ, ಹಾಳೆಗೆ ಬರುವಷ್ಟರಲ್ಲಿ ‘ತ್ತದೆ’ ಆಗಿತ್ತು.

ಒಂದು ಕಣ್ಣಿಗೆ ಲೇಸಿಕ್ ಮಾತ್ರ, ಇನ್ನೊಂದಕ್ಕೆ ಕ್ರಾಸ್‌ಲಿಂಕಿಂಗ್ ಸೇರಿಸಿದ ಲೇಸಿಕ್ ಮಾಡಿ ಹೋಲಿಸಿದವರೂ ಇದ್ದಾರೆ. ಒಬ್ಬರ ಎರಡು ಕಣ್ಣಿಗಿಂತ ಒಳ್ಳೆಯ ಜೋಡಿ ಎಲ್ಲಿ ಸಿಗುತ್ತದೆ? ಪ್ಲಸ್ ನಂಬರಿನ 34 ಮಂದಿಯಲ್ಲಿ ಅಥೆನ್ಸ್ ತಂಡ 2012ರಲ್ಲಿ ಹೀಗೆ ನೋಡಿದಾಗ, ಕ್ರಾಸ್‌ಲಿಂಕಿಂಗ್ ಸೇರಿದ ಕಣ್ಣಿನಲ್ಲಿ ನಂಬರ್ ಮರಳಿ ಬರುವುದು ಕಡಿಮೆಯಿತ್ತು. ದೊಡ್ಡ ಮೈನಸ್ ನಂಬರಿನವರಲ್ಲಿ ಫ್ರಾಂಕ್‌ಫರ್ಟ್‌ನ ಥಾಮಸ್ ಕೋನೆನ್ ತಂಡ 2020ರಲ್ಲಿ ಹೋಲಿಸಿದಾಗ, ಒಂದು ವರ್ಷದ ಕೊನೆಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. 2017ರಲ್ಲಿ ಜರ್ಮನಿಯ ತನೇರಿ ಮತ್ತು ಸಂಗಡಿಗರ ಪುಟ್ಟ ವರದಿಯೊಂದು, ಮುನ್ನೆಚ್ಚರಿಕೆಯ ಕ್ರಾಸ್‌ಲಿಂಕಿಂಗ್ ಸೇರಿಸಿ ಲೇಸಿಕ್ ಮಾಡಿದ ಮೇಲೂ ಕಾರ್ನಿಯಾ ಉಬ್ಬಿದ್ದನ್ನು ದಾಖಲಿಸಿತು. ಒಂದು ಪ್ರಕರಣದಿಂದ ಚಿಕಿತ್ಸೆ ವ್ಯರ್ಥ ಎಂದಾಗುವುದಿಲ್ಲ. ‘ತಡೆಯುತ್ತದೆ’ ಎಂಬುದು ಮಾತ್ರ ಅದರ ಮುಂದೆ ನಿಲ್ಲುವುದಿಲ್ಲ. ‘ಕಡಿಮೆ ಮಾಡೀತು’ ನಿಲ್ಲುತ್ತದೆ. ಅಮೆರಿಕದ ಎಫ್‌ಡಿಎ 2016ರ ಏಪ್ರಿಲ್‌ನಲ್ಲಿ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿದ್ದು ಬೆಳೆಯುತ್ತಿರುವ ಕೆರಟೋಕೋನಸ್‌ಗೆ, ಜುಲೈನಲ್ಲಿ ಕೊಟ್ಟಿದ್ದು ಲೇಸರ್ ಆದ ಮೇಲೆ ಉಬ್ಬಿದ ಕಣ್ಣಿಗೆ. ಎರಡೂ ಕಾಯಿಲೆ ಬಂದ ಮೇಲಿನ ಮಾತು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಅಪಾಯ. ನಕ್ಷೆಯಲ್ಲಿ ಅನುಮಾನವಿರುವ ಕಾರ್ನಿಯಾವನ್ನು ಕಂಡಾಗ ಹಿಂದಿನ ವೈದ್ಯರು ‘ನಿಮಗೆ ಲೇಸರ್ ಬೇಡ’ ಎನ್ನುತ್ತಿದ್ದರು. ತಡೆಯುವ ಮದ್ದೊಂದಿದೆ ಎಂಬ ನಂಬಿಕೆ ಆ ‘ಬೇಡ’ವನ್ನು ಸಡಿಲಿಸಿದರೆ, ಮದ್ದು ಉಳಿಸಬಹುದಾದ ಕಣ್ಣಿಗಿಂತ ಹೆಚ್ಚು ಕಣ್ಣು ಲೇಸರಿನ ಬಾಗಿಲೊಳಗೆ ಬಂದೀತು. ಬೇಡ ಎನ್ನುವುದೂ ಚಿಕಿತ್ಸೆಯೇ; ಅದರ ಫಲಕ್ಕೆ ಎಳೆದು ನೋಡುವ ಯಂತ್ರ ಬೇಕಿಲ್ಲ.

ಹುಡುಗಿಗೆ ಏನು ಮಾಡು ಎಂದು ನಾನು ಹೇಳಲಿಲ್ಲ. ಅದು ಅವಳ ನಕ್ಷೆ ನೋಡಬಲ್ಲ ವೈದ್ಯರ ಕೆಲಸ. ಹಾಳೆಯ ಆ ವಾಕ್ಯವನ್ನು ಹೊಡೆದುಹಾಕಿ ಕೆಳಗೆ ಬರೆದುಕೊಟ್ಟೆ: ‘ಕೆರಟೋಕೋನಸ್ ಕಣ್ಣಿನಲ್ಲಿ ಉಬ್ಬುವುದನ್ನು ತಡೆಯುವುದೆಂದು ಸಾಬೀತಾದ ಚಿಕಿತ್ಸೆಯ ವೇಗದ, ಕಡಿಮೆ ಪ್ರಮಾಣದ ರೂಪ ಇದು. ಲೇಸಿಕ್ ಜೊತೆ ಮಾಡಿದರೆ ಮುಂದೆ ಉಬ್ಬುವ ಅಪಾಯವನ್ನು ತಗ್ಗಿಸಬಹುದು. ತಗ್ಗಿಸುತ್ತದೆಯೇ ಎಂಬುದಕ್ಕೆ ಸಾಕಷ್ಟು ಜನರನ್ನು ಸಾಕಷ್ಟು ಕಾಲ ನೋಡಿಲ್ಲ.’ ಅವಳು ಎರಡು ಸಲ ಓದಿದಳು. ‘ಹಾಗಾದ್ರೆ ನೋಡಬೇಕಾದವರು ಯಾರು?’ ಎಂದಳು.

ಹುಡುಕಾಟ ಮುಗಿಯಿತೆಂದುಕೊಂಡಿದ್ದ ನನಗೆ ಉತ್ತರ ಹೊಳೆದದ್ದು ಅವಳು ಕೇಳಿದ ಮೇಲೆ. ನನ್ನ ಫೈಲಿನಲ್ಲಿ ಬದುಕಿರುವ ಕಣ್ಣುಗಳಿಂದ ಬಂದ ಪ್ರತಿ ಅಂಕಿಯ ಹಿಂದೆಯೂ ಯಾರೋ ಒಬ್ಬರು, ಕಣ್ಣು ಚೆನ್ನಾಗಿ ಕಾಣುತ್ತಿದ್ದಾಗಲೂ, ರಜೆ ಹಾಕಿ ಆಸ್ಪತ್ರೆಗೆ ವಾಪಸ್ ಹೋಗಿ ಯಂತ್ರಕ್ಕೆ ಗದ್ದ ಒರಗಿಸಿ ಕೂತಿದ್ದಾರೆ. ಆಪರೇಷನ್ ಮಾಡಿಸಿದರೂ, ಮಾಡಿಸದಿದ್ದರೂ, ವರ್ಷಕ್ಕೊಮ್ಮೆ ಕಾರ್ನಿಯಾದ ನಕ್ಷೆ ತೆಗೆಸಿ ಹಿಂದಿನದರ ಪಕ್ಕ ಇಟ್ಟುಕೋ ಎಂದೆ. ಅವಳು ಮೊನ್ನೆ ತೆಗೆಸಿದ ನಕ್ಷೆಯನ್ನು ಚೀಲದಿಂದ ಹೊರತೆಗೆದಳು. ಹಸಿರು, ಹಳದಿ, ನಡುವೆ ಸ್ವಲ್ಪ ಕಿತ್ತಳೆ. ಮೂಲೆಯಲ್ಲಿ ಪೆನ್ಸಿಲ್ಲಿನಿಂದ ತಾರೀಖು ಬರೆದು, ಅದರ ಕೆಳಗೆ ‘1’ ಎಂದು ಹಾಕಿದಳು.